ಜುಮಾನಾ ಹೆಸರಿಗೆ ಬಂದ ಕಾಗದ

"ಟಿಕೆಟ್ ಕಾರ್ಡ್ ತೋರ್ಸು ಪುಟ್ಟಿ."

ಸಿಯಾಲೆ ಕೇಳಿಸದವಳ ಹಾಗೆ ಕಿಟಕಿಯ ಹೊರಗೆ ನೋಡುತ್ತಾ ಕೂತಳು. ರೈಲು ಆಬರ್ನ್ ಬಿಟ್ಟು ಎರಡು ನಿಮಿಷ ಕೂಡ ಆಗಿರಲಿಲ್ಲ. ಇನ್ನೊಂದು ಸ್ಟೇಷನ್ ದಾಟಿದರೆ ಗ್ರಾನ್‌ವಿಲ್. ಅಲ್ಲಿ ಇಳಿದರೆ ಮನೆ.

"ನಿನ್ನನ್ನೇ ಕೇಳ್ತಿರೋದು."

ಈಗ ತಿರುಗಲೇಬೇಕಾಯಿತು. ಕಡು ನೀಲಿ ಯೂನಿಫಾರ್ಮ್ ಹಾಕಿದ ಎತ್ತರದ ಹೆಂಗಸು ಸೀಟಿನ ಪಕ್ಕದಲ್ಲೇ ನಿಂತಿದ್ದಳು. ಕೈಯಲ್ಲಿ ಪುಟ್ಟ ಮಷೀನು.

ಸಿಯಾಲೆ ಜೇಬಿನಿಂದ ಕಾರ್ಡ್ ತೆಗೆದುಕೊಟ್ಟಳು. ಮಷೀನು ಎರಡು ಸಲ ಕಿರುಚಿ ಕೆಂಪಗಾಯಿತು.

"ರೈಲು ಹತ್ತೋ ಮುಂಚೆ ನೀನು ಟ್ಯಾಪೇ ಮಾಡಿಲ್ಲ."

"ಮರ್ತುಹೋಯ್ತು ಮಿಸ್."

"ಇದ್ರಲ್ಲಿ ದುಡ್ಡೂ ಇಲ್ಲ. ಅದೂ ಮರ್ತುಹೋಯ್ತಾ?"

ಎದುರು ಸೀಟಿನ ಇಬ್ಬರು ಹುಡುಗರು ಕಿಸಕ್ಕನೆ ನಕ್ಕರು. ಸಿಯಾಲೆಯ ಕಿವಿ ಬಿಸಿಯಾಯಿತು.

ಕಾರ್ಡಿಗೆ ಹಾಕಿಸಿಕೋ ಅಂತ ಅಮ್ಮ ಸೋಮವಾರವೇ ದುಡ್ಡು ಕೊಟ್ಟಿದ್ದಳು. ಆ ದುಡ್ಡಿನಲ್ಲಿ ಸಿಯಾಲೆ ಬಿಸಿಬಿಸಿ ಚಿಪ್ಸ್ ತಿಂದಿದ್ದಳು. ನೆಟ್‌ಬಾಲ್ ಪ್ರಾಕ್ಟೀಸ್ ಮುಗಿದ ಮೇಲೆ ಹೊಟ್ಟೆ ಅಷ್ಟು ಹಸಿಯುತ್ತಿತ್ತು. "ಸ್ಕೂಲ್ ಮಕ್ಕಳನ್ನ ಯಾರೂ ಚೆಕ್ ಮಾಡಲ್ಲ ಕಣೇ" ಅಂತ ದೊಡ್ಡ ಹುಡುಗಿಯರೆಲ್ಲ ಹೇಳಿದ್ದರು.

"ಹೆಸರು ಹೇಳು," ಅಂದಳು ಆ ಹೆಂಗಸು.

ಸಿಯಾಲೆಗೆ ಅಮ್ಮನ ಕಿತ್ತಳೆ ಬಣ್ಣದ ಕೋಟು ಕಣ್ಣ ಮುಂದೆ ಬಂತು. ಅಮ್ಮ ರೈಲು ತೊಳೆಯುವ ಕೆಲಸ ಮಾಡುತ್ತಿದ್ದಳು. ಕೋಟಿನ ಎದೆಯ ಮೇಲೆ 'ಲುಪೆ ವೈನಿಕೋಲೋ' ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ವೈನಿಕೋಲೋ ಅಂತ ಹೆಸರಿರುವವರು ಈ ಊರಿನಲ್ಲಿ ಇನ್ನೆಷ್ಟು ಜನ ಇದ್ದಾರು? ಈ ಹೆಂಗಸು ಹೋಗಿ ಹೇಳಿದರೆ? ರೈಲಿನಲ್ಲಿ ಕೆಲಸ ಮಾಡುವವಳ ಮಗಳೇ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದಳು ಅಂದರೆ ಅಮ್ಮನ ಕೆಲಸ ಉಳಿಯುತ್ತದಾ?

ಸಿಯಾಲೆಯ ತೊಡೆಯ ಮೇಲೆ ಒಂದು ಕಾಗದದ ಚೀಲ ಇತ್ತು. ಒಳಗೆ ಅರ್ಧ ರೊಟ್ಟಿ. ಕ್ಲಾಸಿನ ಜುಮಾನಾ ಮಧ್ಯಾಹ್ನ ಕೊಟ್ಟಿದ್ದು. ಅವಳ ಅಪ್ಪನದು ಬೇಕರಿ. ಚೀಲದ ಮೇಲೆ 'ಸಬ್ಬಾಗ್ ಬೇಕರಿ, ಹದಿನೆಂಟು, ಮಿಲ್ ಸ್ಟ್ರೀಟ್' ಅಂತ ಹಸಿರು ಅಕ್ಷರದಲ್ಲಿ ಅಚ್ಚಾಗಿತ್ತು.

"ಜುಮಾನಾ," ಅಂದಳು ಸಿಯಾಲೆ. "ಜುಮಾನಾ ಸಬ್ಬಾಗ್."

"ಮನೆ?"

"ಹದಿನೆಂಟು, ಮಿಲ್ ಸ್ಟ್ರೀಟ್. ಬೇಕರಿ ಮೇಲ್ಗಡೆ."

ಹುಟ್ಟಿದ ದಿನ ಕೇಳಿದಾಗ ಅದೂ ಬಾಯಿಗೆ ಬಂತು. ಕ್ಲಾಸಿನಲ್ಲಿ ಎಲ್ಲರ ಬರ್ತ್‌ಡೇ ಗೋಡೆಯ ಮೇಲೆ ಅಂಟಿಸಿದ್ದರಲ್ಲ.

ಹೆಂಗಸು ಎಲ್ಲ ಬರೆದುಕೊಂಡಳು. "ಫೈನ್ ಕಾಗದ ಮನೆಗೆ ಬರುತ್ತೆ. ಇವತ್ತೇ ಮನೇಲಿ ಹೇಳಿಬಿಡು ಜುಮಾನಾ. ಕಾಗದ ನೋಡಿ ಗೊತ್ತಾಗೋದಕ್ಕಿಂತ ನಿನ್ನ ಬಾಯಿಂದ ಕೇಳಿದ್ರೆ ಅವರಿಗೆ ಕಡಿಮೆ ಬೇಜಾರಾಗುತ್ತೆ."

ಸಿಯಾಲೆ ತಲೆಯಾಡಿಸಿದಳು. ಗ್ರಾನ್‌ವಿಲ್‌ನಲ್ಲಿ ಇಳಿದವಳು ಮನೆಯವರೆಗೂ ಓಡಿದಳು.

ಮೊದಲ ವಾರ ದಿನಾ ಭಯವಾಗುತ್ತಿತ್ತು. ಎರಡನೇ ವಾರ ಕಡಿಮೆಯಾಯಿತು. ಕಾಗದ ದಾರಿಯಲ್ಲೇ ಎಲ್ಲೋ ಕಳೆದುಹೋಗಿರಬೇಕು ಅಂದುಕೊಂಡಳು. ಆರನೇ ಕ್ಲಾಸಿನವರಿಗೆಲ್ಲ ಮೂರು ದಿನ ಸಮುದ್ರದ ದಂಡೆಯಲ್ಲಿ ಕ್ಯಾಂಪ್ ಇತ್ತು. ಯಾರು ಯಾರ ಜೊತೆ ಟೆಂಟಿನಲ್ಲಿ ಮಲಗಬೇಕು ಅನ್ನುವ ಮಾತಿನಲ್ಲಿ ರೈಲಿನ ವಿಷಯ ಮರೆತೇ ಹೋಗುತ್ತಿತ್ತು.

ಒಂದು ಗುರುವಾರ ಊಟದ ಹೊತ್ತಿನಲ್ಲಿ ಜುಮಾನಾ ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಡಬ್ಬಿ ತೆರೆದಿರಲಿಲ್ಲ.

"ಯಾಕೆ, ಊಟ ಮಾಡಲ್ವಾ?" ಸಿಯಾಲೆ ಕೇಳಿದಳು.

"ನಾನು ಕ್ಯಾಂಪಿಗೆ ಬರಲ್ಲ. ಅಪ್ಪ ಬೇಡ ಅಂದ್ರು."

"ಯಾಕೆ?"

"ನಿನ್ನೆ ಒಂದು ಕಾಗದ ಬಂತು. ನಾನು ಟಿಕೆಟ್ ಇಲ್ದೆ ರೈಲಲ್ಲಿ ಸಿಕ್ಕಿಹಾಕಿಕೊಂಡೆ ಅಂತ. ನಾನು ಆ ರೈಲು ಹತ್ತೇ ಇಲ್ಲ ಸಿಯಾಲೆ. ಆ ಮಂಗಳವಾರ ನಾನು ಲೈಬ್ರರಿಲಿದ್ದೆ. ಆದ್ರೆ ಒಬ್ಬಳೇ ಇದ್ದೆ. ನನ್ನನ್ನ ನೋಡಿದೋರು ಯಾರೂ ಇಲ್ಲ."

ಸಿಯಾಲೆ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು.

"ಫೈನ್ ಕಟ್ತೀನಿ, ಹೋಗ್ಲಿ ಬಿಡು ಅಂದ್ರು ಅಪ್ಪ. ಆದ್ರೆ ಸುಳ್ಳು ಹೇಳಬೇಡ, ಒಪ್ಪಿಕೋ ಅಂತಾರೆ. ಮಾಡದೇ ಇರೋದನ್ನ ಹೇಗೆ ಒಪ್ಪಿಕೊಳ್ಳೋದು?" ಜುಮಾನಾ ಸ್ವೆಟರಿನ ತೋಳಿನಲ್ಲಿ ಮೂಗು ಒರೆಸಿಕೊಂಡಳು. "ಅಮ್ಮ ಏನೂ ಹೇಳಲ್ಲ, ಸುಮ್ನೆ ನೋಡ್ತಾಳೆ. ಅದು ಇನ್ನೂ ಕಷ್ಟ. ಇವತ್ತು ಬೆಳಿಗ್ಗೆ ಟೋಸ್ಟ್ ತಿಂದ್ಯಾ ಅಂತ ಕೇಳಿದ್ಲು. ಹೂಂ ಅಂದೆ. ನಿಜಾನಾ ಅಂತ ತಟ್ಟೆ ಎತ್ತಿ ನೋಡಿದ್ಲು."

ಸಿಯಾಲೆ ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಬೆಲ್ ಆಯಿತು. ಬೆಲ್ ಆಗಿದ್ದಕ್ಕೆ ಅವಳಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಅಂತ ನಾಚಿಕೆಯೂ ಆಯಿತು.

ಅವತ್ತು ಅಮ್ಮ ಕೆಲಸದಿಂದ ಬರುವ ಹೊತ್ತಿಗೆ ಸಿಯಾಲೆ ಮೆಟ್ಟಿಲ ಮೇಲೆ ಕೂತಿದ್ದಳು. ಅಮ್ಮ ಎರಡೂ ಶೂ ಬಿಚ್ಚಿ ಮುಗಿಸುವ ಮೊದಲೇ ಎಲ್ಲ ಹೇಳಿಬಿಟ್ಟಳು. ಚಿಪ್ಸ್, ಕೆಂಪು ದೀಪ, ಚೀಲದ ಮೇಲಿನ ಹಸಿರು ಅಕ್ಷರ, ಜುಮಾನಾಳ ತಟ್ಟೆ.

ಅಮ್ಮ ಒಂದು ಶೂ ಕೈಯಲ್ಲಿ ಹಿಡಿದು ಹಾಗೇ ನಿಂತಳು.

"ನನ್ನ ಹೆಸರು ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು," ಅಂದಳು ಸಿಯಾಲೆ.

"ನಾನು ಸೀಟಿಗಂಟಿದ ಚೂಯಿಂಗ್ ಗಮ್ ಕೆರೆಯೋಳು. ನಿನ್ನ ಟಿಕೆಟ್ಟಿಗೂ ನನ್ನ ಕೆಲಸಕ್ಕೂ ಏನೇ ಸಂಬಂಧ?"

"ನಂಗೆ ಗೊತ್ತಿರ್ಲಿಲ್ಲ."

"ಬಂದು ಕೇಳಿದ್ರೆ ಗೊತ್ತಾಗ್ತಿತ್ತು." ಅಮ್ಮ ಬೈಯಲಿಲ್ಲ. ಶೂ ಕೆಳಗಿಟ್ಟಳು. "ಆ ಮಗು ನಿಂಗೆ ರೊಟ್ಟಿ ಕೊಟ್ಟಿತ್ತು ಅಂದ್ಯಲ್ಲ."

"ಹೂಂ."

"ನಡಿ, ಮುಖ ತೊಳ್ಕೋ."

ಮುಖ ತೊಳೆದು ಬರುವಷ್ಟರಲ್ಲಿ ಅಮ್ಮ ಪೆಟ್ಟಿಗೆಯಿಂದ ಎರಡು ಚಾಪೆ ತೆಗೆದಿದ್ದಳು. ಅವರ ಹಾಗೆ ಟೋಂಗಾ ದ್ವೀಪದಿಂದ ಬಂದವರು ಚರ್ಚಿಗೆ ಹೋಗುವಾಗ, ದೊಡ್ಡವರ ಮುಂದೆ ನಿಲ್ಲುವಾಗ ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆ. ದೊಡ್ಡದು ಅಮ್ಮನದು, ಚಿಕ್ಕದು ಸಿಯಾಲೆಯದು.

"ಬೇಕರಿಗೆ ಇದನ್ನ ಸುತ್ಕೊಂಡು ಹೋಗೋದಾ? ಎಲ್ಲರೂ ನೋಡ್ತಾರೆ."

"ನೋಡ್ಲಿ," ಅಂತ ಹೇಳಿ ಅಮ್ಮ ಹಗ್ಗ ಬಿಗಿದಳು.

ಬೇಕರಿಯಲ್ಲಿ ಸಂಜೆಯ ಗಿರಾಕಿಗಳು ಸಾಲಾಗಿ ನಿಂತಿದ್ದರು. ಒಲೆಯ ಮುಂದೆ ಜುಮಾನಾಳ ಅಪ್ಪ ಉದ್ದನೆಯ ಹಲಗೆಯಿಂದ ರೊಟ್ಟಿ ಎತ್ತುತ್ತಿದ್ದರು. ಜುಮಾನಾ ಗಲ್ಲಾದ ಹಿಂದೆ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಸಿಯಾಲೆಯನ್ನು ನೋಡಿ ಅವಳು ನಗಲು ಹೊರಟಳು. ಸೊಂಟದ ಚಾಪೆ ನೋಡಿ ನಗು ಅರ್ಧಕ್ಕೇ ನಿಂತಿತು.

"ಏನು ಕೊಡ್ಲಿ ತಾಯಿ?" ಅಪ್ಪ ಕೇಳಿದರು.

"ಏನೂ ಬೇಡಣ್ಣ," ಅಂದಳು ಅಮ್ಮ. "ನನ್ನ ಮಗಳು ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಕೆಲಸ ಮುಗಿಸಿ, ಕಾಯ್ತೀವಿ."

ಅವರು ಕಾದರು. ಒಬ್ಬೊಬ್ಬರಾಗಿ ಗಿರಾಕಿಗಳು ಹೋದರು. ಸಿಯಾಲೆ ಕಾಲು ಬದಲಿಸಿದಳು, ಮತ್ತೆ ಬದಲಿಸಿದಳು. ಅಮ್ಮ ಎಲ್ಲ ಹೇಳಿಬಿಟ್ಟರೆ ಚೆನ್ನಾಗಿತ್ತು ಅನ್ನಿಸಿತು. ಅಮ್ಮ ಬಾಯಿ ಬಿಡಲಿಲ್ಲ.

ಕೊನೆಗೆ ಅಪ್ಪ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಮುಂದೆ ಬಂದರು.

"ಅಂಕಲ್," ಅಂದಳು ಸಿಯಾಲೆ. ದನಿ ಸಣ್ಣದಾಗಿ ಬಂತು. "ರೈಲಲ್ಲಿ ಇದ್ದಿದ್ದು ಜುಮಾನಾ ಅಲ್ಲ, ನಾನು. ಟಿಕೆಟ್ ಇರ್ಲಿಲ್ಲ. ಹೆಸರು ಕೇಳಿದಾಗ ಅವಳ ಹೆಸರು ಹೇಳಿದೆ. ಮನೆ ಅಡ್ರೆಸ್ಸೂ ಕೊಟ್ಟೆ. ಅವಳಿಗೆ ಏನೂ ಗೊತ್ತಿಲ್ಲ. ಅವಳು ಹೇಳಿದ್ದೆಲ್ಲ ನಿಜ."



ಅಪ್ಪ ತನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದಳು ಸಿಯಾಲೆ. ಅವರು ಸಿಯಾಲೆಯ ಕಡೆ ನೋಡಲೇ ಇಲ್ಲ. ಹಿಂದೆ ತಿರುಗಿ ಮಗಳನ್ನು ನೋಡಿದರು. ಅವರ ದೊಡ್ಡ ಮುಖ ಒಮ್ಮೆಲೇ ಚಿಕ್ಕ ಹುಡುಗನ ಮುಖದ ಹಾಗಾಯಿತು. ಸ್ಟೂಲಿನ ಹತ್ತಿರ ಹೋಗಿ, ಬಗ್ಗಿ, ಅವಳ ತಲೆಯ ಮೇಲೆ ಹಣೆ ಇಟ್ಟು ಅರಬ್ಬಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ಏನು ಹೇಳಿದರೋ ಸಿಯಾಲೆಗೆ ತಿಳಿಯಲಿಲ್ಲ. ಅಪ್ಪಂದಿರು ಹೀಗೂ ಸಾರಿ ಕೇಳುತ್ತಾರೆ ಅನ್ನುವುದೂ ಅವಳಿಗೆ ತಿಳಿದಿರಲಿಲ್ಲ.

ಜುಮಾನಾ ಅಪ್ಪನ ಕೂದಲಿನ ಹಿಟ್ಟು ಒರೆಸಿದಳು. ಆಮೇಲೆ ಸಿಯಾಲೆಯನ್ನು ನೋಡಿದಳು.

"ಅಷ್ಟೊಂದು ಜನ ಇದ್ದಾರೆ. ನನ್ನ ಹೆಸರೇ ಯಾಕೆ?"

ಚೀಲದ ವಿಷಯ ಹೇಳಬಹುದಿತ್ತು. ಅದು ನಿಜವೇ. ಆದರೆ ಪೂರ್ತಿ ನಿಜ ಅಲ್ಲ.

"ನೀನು ಒಳ್ಳೆಯವಳು ಅಂತ," ಅಂದಳು ಸಿಯಾಲೆ. "ನಿಂಗೆ ಯಾರೂ ಏನೂ ಮಾಡಲ್ಲ ಅನ್ನಿಸ್ತು."

"ಮಾಡಿದ್ರಲ್ಲ," ಅಂದಳು ಜುಮಾನಾ. ಪುಸ್ತಕ ಎತ್ತಿಕೊಂಡು ಮೆಟ್ಟಿಲು ಹತ್ತಿ ಮೇಲೆ ಹೋದಳು.

ಜುಮಾನಾಳ ಅಪ್ಪ ಡ್ರಾಯರಿನಿಂದ ಕಾಗದ ತೆಗೆದರು. "ದುಡ್ಡು ನಾನೇ ಕಟ್ಬಿಡ್ತೀನಿ ತಾಯಿ. ಮಕ್ಕಳು. ಇಲ್ಲಿಗೆ ಮುಗಿಸೋಣ."

"ಬೇಡಣ್ಣ. ನೀವು ಕಟ್ಟಿದ್ರೆ ನಿಮ್ಮ ಮಗಳ ಹೆಸರು ಅಲ್ಲೇ ಉಳಿಯುತ್ತೆ." ಅಮ್ಮ ಎರಡೂ ಕೈ ಚಾಚಿ ಕಾಗದ ತೆಗೆದುಕೊಂಡಳು.

ಮರುದಿನ ಸ್ಟೇಷನ್ ಕೌಂಟರಿನಲ್ಲಿ ಕನ್ನಡಕದ ಮನುಷ್ಯನೊಬ್ಬ ಎಲ್ಲ ಕೇಳಿಸಿಕೊಂಡ. "ಟಿಕೆಟ್ ಇಲ್ದೇ ಇರೋದು ಚಿಕ್ಕ ತಪ್ಪು. ಸುಳ್ಳು ಹೆಸರು ದೊಡ್ಡದು. ಗೊತ್ತಾ?"

"ಗೊತ್ತು ಸರ್."

"ನೀವಾಗೇ ಬಂದಿದೀರಿ ಅಂತ ಬರೀತೀನಿ. ಮುಂದಿನದು ಮೇಲಿನವರಿಗೆ ಬಿಟ್ಟಿದ್ದು." ಅವನು ಒಂದು ಫಾರ್ಮ್ ಕೊಟ್ಟ. ಹೆಸರಿನ ಚೌಕಗಳು ಸಾಲದೇ ಬಂದವು. ಸಿಯಾಲೆ ವೈನಿಕೋಲೋದ ಕೊನೆಯ ಅಕ್ಷರವನ್ನು ಗೆರೆಯಿಂದ ಹೊರಗೇ ಬರೆದಳು.

ಹತ್ತು ದಿನಕ್ಕೆ ಎರಡು ಕಾಗದ ಬಂದವು. ಜುಮಾನಾಳ ಮೇಲೆ ಏನೂ ಇಲ್ಲ ಅಂತ ಬೇಕರಿಗೊಂದು. ಟಿಕೆಟ್ ಇಲ್ಲದ್ದಕ್ಕೆ ಫೈನ್, ಸುಳ್ಳು ಹೆಸರಿಗೆ ಈ ಸಲ ಎಚ್ಚರಿಕೆ ಮಾತ್ರ ಅಂತ ಸಿಯಾಲೆಗೊಂದು. ಅಮ್ಮ ಓದಿ ಮಡಚಿದಳು.

"ಕ್ಯಾಂಪಿಗೆ ಅಂತ ಎತ್ತಿಟ್ಟಿದ್ದನ್ನ ಇದಕ್ಕೆ ಕಟ್ಟಬೇಕಾಗುತ್ತೆ."

ಸಿಯಾಲೆ ಹೂಂ ಅಂದಳು. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತಳು. ಹೊರಗೆ ಬಂದಾಗ ಅಮ್ಮ ಗೆಣಸು ಬೇಯಿಸುತ್ತಿದ್ದಳು. ಏನೂ ಕೇಳದೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಇಬ್ಬರೂ ಸಿಪ್ಪೆ ಸುಲಿದರು.

ಜುಮಾನಾಳೂ ಸೇರಿ ಕ್ಲಾಸಿನವರೆಲ್ಲ ಕ್ಯಾಂಪಿಗೆ ಹೋದ ಮೂರು ದಿನ ಸಿಯಾಲೆ ಐದನೇ ಕ್ಲಾಸಿನಲ್ಲಿ ಕೂತಳು. ಚಿಕ್ಕ ಕುರ್ಚಿಯಲ್ಲಿ ಅವಳ ಮಂಡಿ ಮೇಜಿಗೆ ತಾಗುತ್ತಿತ್ತು. ಐದನೆಯವರಿಗೆ ಭಿನ್ನರಾಶಿ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿತ್ತು. ಹೇಳಿಕೊಟ್ಟಳು.

ಸೋಮವಾರ ಎಲ್ಲರೂ ಮೂಗು ಕೆಂಪಗೆ ಸುಟ್ಟುಕೊಂಡು ವಾಪಸು ಬಂದರು. ಜುಮಾನಾ ಇಷ್ಟು ದಿನ ಅವಳ ಜೊತೆ ಮಾತು ಬಿಟ್ಟಿದ್ದಳು. ಅವತ್ತು ಊಟದ ಹೊತ್ತಿಗೆ ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಇಬ್ಬರ ನಡುವೆ ಇನ್ನೂ ಒಬ್ಬರು ಕೂರುವಷ್ಟು ಜಾಗ ಇತ್ತು.

"ಬಸ್ಸಲ್ಲಿ ಮಿಸ್ ಅಟೆಂಡೆನ್ಸ್ ತಗೊಂಡ್ರು," ಅಂದಳು ಜುಮಾನಾ, ಡಬ್ಬಿಯ ಮುಚ್ಚಳ ನೋಡುತ್ತಾ. "ಹಳೇ ಲಿಸ್ಟು. ನಿನ್ನ ಹೆಸರೂ ಇತ್ತು. ಅವಳು ಬಂದಿಲ್ಲ ಅಂತ ನಾನೇ ಹೇಳಿದೆ."

"ಆಮೇಲೆ?"

"ಹಿಂದಿನ ಸೀಟಿಂದ ಬ್ರಾಕ್, ಅವನಿಗೆ ಹೇಗೆ ಗೊತ್ತಾಯ್ತೋ, ಅವಳು ರೈಲಲ್ಲಿ ಸಿಕ್ಕಿಬಿದ್ಲಲ್ಲ, ಅದಕ್ಕೇ ಬಂದಿಲ್ಲ ಅಂದ. ಎಲ್ಲ ನಕ್ಕರು."

ಸಿಯಾಲೆ ತಲೆ ತಗ್ಗಿಸಿದಳು.

"ಕಾಗದದಲ್ಲಿ ಸಿಕ್ಕಿಬಿದ್ದಿದ್ದು ನಾನು, ಅವಳಲ್ಲ ಅಂದೆ. ಅವಳು ತಾನಾಗೇ ನಮ್ಮ ಅಂಗಡಿಗೆ ಬಂದು ಹೇಳಿದ್ಲು, ನಿಂಗೆ ಆಗ್ತಿತ್ತಾ ಅಂತ ಕೇಳಿದೆ. ಆಮೇಲೆ ಅವನು ಸುಮ್ನಾದ."

ಸಿಯಾಲೆ ತಲೆ ಎತ್ತಿ ಅವಳನ್ನು ನೋಡಿದಳು. ತಾನು ಇಲ್ಲೇ ಚಿಕ್ಕ ಕುರ್ಚಿಯಲ್ಲಿ ಕೂತಿದ್ದಾಗ, ದೂರದ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಬಸ್ಸಿನಲ್ಲಿ ತನ್ನ ಹೆಸರು ಜುಮಾನಾಳ ಬಾಯಲ್ಲಿತ್ತು. ಅಲ್ಲಿ ಅವಳು ಏನು ಬೇಕಾದರೂ ಹೇಳಬಹುದಿತ್ತು.

"ನಿಂಗಿನ್ನೂ ಕೋಪ ಇದೆಯಾ?" ಕೇಳಿದಳು.

"ಸ್ವಲ್ಪ," ಅಂದಳು ಜುಮಾನಾ. "ಸಮುದ್ರ ತುಂಬಾ ತಣ್ಣಗಿತ್ತು. ಕ್ಯಾಂಪಿನ ಕತೆ ಕೇಳ್ತೀಯಾ?"

"ಹೇಳು," ಅಂದಳು ಸಿಯಾಲೆ.