ಗಂಧದ ಬಿರಡೆಯ ಪೀಪಿ

ಸಾಗರದಲ್ಲಿ ಬಸ್ಸಿಳಿದಾಗಿನಿಂದ ಜಲಜಾಕ್ಷಿಯ ಹುಬ್ಬು ಗಂಟಿಕ್ಕಿಕೊಂಡೇ ಇತ್ತು. ಅರವತ್ನಾಲ್ಕರ ಜನವರಿ ಇಪ್ಪತ್ತಾರರ ಡ್ರಿಲ್ಲಿಗೆ ಹೊಸನಗರದ ಅವಳ ಶಾಲೆಗೆ ಕೊಳಲಿನಂತೆ ತೂತಿರುವ ತಗಡಿನ ಪೀಪಿಯೊಂದು ಬೇಕಿತ್ತು, ಅದು ನಿಜವೇ. ಆದರೆ ಈ ಅಂಗಡಿಗೇ ಬರಲು ಕಾರಣ ಬೇರೆ. ಪೀಪಿ, ಹಾರ್ಮೋನಿಯಂ ಮಾರುವ ಹೇರಂಬನ ಮನೆಯಿಂದ ಅವಳಿಗೆ ಸಂಬಂಧ ಬಂದಿತ್ತು. ಭಾನುವಾರ ತೀರ್ಥಹಳ್ಳಿಯಲ್ಲಿ ಅಣ್ಣ ಪುಟ್ಟಣ್ಣ ಮಾತು ಕೊಡುವವನಿದ್ದ. ಹಿಂದೆ ಬಂದ ವರನೊಬ್ಬ ಓದದ ಬಿ.ಎ. ಹೇಳಿಕೊಂಡಿದ್ದ; ಇನ್ನೊಬ್ಬನಿಗೆ ಆಗಲೇ ಹೆಂಡತಿ ಇದ್ದಳು. ಈ ಸಲ ಹೆಸರು ಹೇಳದೆ ತಾನೇ ನೋಡಿಬಿಡಬೇಕು.

ಜೊತೆಗೆ ಬಂದಿದ್ದ ಶಾಲೆಯ ಆಯಾ ಶೇಷಮ್ಮ ಮೆಟ್ಟಿಲಲ್ಲೇ ಪಿಸುಗುಟ್ಟಿದಳು. "ಅಂಗಿ ಹರಿದಿದ್ರೂ ನೋಡಾಕೆ ಚೆಂದ ಅದಾನೆ ಕಣಮ್ಮ."

"ಚೆಂದ ಇರೋರೇ ಹೆಚ್ಚು ಮೋಸ ಮಾಡೋದು. ಸುಮ್ನಿರು."

ಹೇರಂಬ ನಾಲ್ಕು ಪೀಪಿಗಳನ್ನು ಬಟ್ಟೆಯ ಮೇಲೆ ಸಾಲಾಗಿಟ್ಟ. ಪಕ್ಕದಲ್ಲಿ ಎಳೆ ಬಾಳೆಲೆಯ ತುಂಡುಗಳು.

"ಇದೆಂತಕ್ಕೆ?"

"ಊದದೆ ದನಿ ಗೊತ್ತಾಗಲ್ಲ, ಊದಿದ್ರೆ ಎಂಜಲು. ಅದಕ್ಕೇ ಎಲೆ ಸುರುಳಿ ಮಾಡಿ ಪೀಪಿ ಬಾಯಿಗೆ ಸಿಕ್ಕಿಸ್ತೀನಿ. ಒಬ್ಬೊಬ್ಬರಿಗೂ ಹೊಸಾ ಎಲೆ, ಟೀಚರ್."

"ನಾನು ಟೀಚರ್ ಅಂತ ಯಾರು ಹೇಳಿದ್ರು?"

"ನಿಮ್ಮ ಸೆರಗಿನ ತುದೀಲಿ ಸೀಮೆಸುಣ್ಣ."

ಜಲಜಾಕ್ಷಿ ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಷ್ಟೆಲ್ಲ ನೋಡ್ತಾನಾ! ಥಳಥಳ ಹೊಳೆಯುವುದೊಂದನ್ನು ಎತ್ತಿಕೊಂಡಳು.

"ಅದು ಬೇಡಿ. ಮೇಲಿನ ಸ್ವರ ಕಿವಿಗೆ ಚುಚ್ಚುತ್ತೆ. ತೂತೂ ದೂರ ದೂರ, ಮಕ್ಕಳ ಬೆರಳು ಎಟುಕಲ್ಲ. ಈ ಮಂಕು ಬಣ್ಣದ್ದು ನೋಡಿ, ಸ್ವಲ್ಪ ಉಸಿರು ಸಾಕು."

ಎಲೆ ಸಿಕ್ಕಿಸಿ ಎರಡನ್ನೂ ಊದಿದಳು. ಹೊಳೆಯುವುದು ಕಿರುಚಿತು. ಮಂಕಿನದು ದುಂಡಗೆ ನುಡಿಯಿತು. ತೂತುಗಳು ಬೆರಳಿಗೆ ತಾವಾಗಿ ಸಿಕ್ಕವು. ಹೇಳಿದ್ದು ನಿಜ. ಆದರೆ ತನ್ನ ಸರಕನ್ನೇ ಹಳಿಯುವ ವ್ಯಾಪಾರಿ ಎಲ್ಲಾದರೂ ಉಂಟೇ?

ಹಾರ್ಮೋನಿಯಂ ಹಿಂದೆ ಐದನೆಯದೊಂದು ಕಂಡಿತು. ಕೈಗೆತ್ತಿಕೊಂಡರೆ ಊದುವ ಕಡೆ ಗಂಧದ ವಾಸನೆ, ಜೊತೆಗೆ ಹಲ್ಲಿನ ಗುರುತು.

"ಇದು ಯಾರೋ ಊದಿದ್ದು! ತೊಳೆದು, ಗಂಧ ಹಚ್ಚಿ ಮಾರ್ತೀರಾ?"

"ಸಿಕ್ಕಿಬಿದ್ದ!" ಎಂದಳು ಶೇಷಮ್ಮ.

ಹೇರಂಬನ ಕಿವಿ ಕೆಂಪಾಯಿತು. "ಅದು ಮಾರೋದಲ್ಲ ಮಾರಾಯ್ರೆ, ನಂದು. ಊದೋ ಬಾಯಿಗಿದ್ದ ಮರದ ಬಿರಡೆ ಹಾಳಾಗಿತ್ತು. ಇಲ್ಲೇ ಗುಡಿಗಾರರ ಹತ್ರ ಗಂಧದ ಚೂರಲ್ಲಿ ಹೊಸದು ಕೆತ್ತಿಸಿದೆ."

"ಹಾಗಾದ್ರೆ ಊದಿ ತೋರಿಸಿ."

ನಾಚಿಕೆಗೆ ಗೋಡೆಯ ಕಡೆ ತಿರುಗಿ ಊದಿದ. ತಗಡಿನದೆಂದು ನಂಬಲಾಗದ ದನಿ, ಅಂಚೇ ಇಲ್ಲದ್ದು, ಒಂಚೂರು ಉಸಿರು ಬೆರೆತದ್ದು. ಜಲಜಾಕ್ಷಿಯ ಹುಬ್ಬಿನ ಗಂಟು ಯಾವಾಗ ಸಡಿಲವಾಯಿತೋ ಅವಳಿಗೇ ತಿಳಿಯಲಿಲ್ಲ.

ಮಂಕು ಪೀಪಿಯನ್ನು ಕಾಗದದಲ್ಲಿ ಸುತ್ತಿ ಅವನು ಪೆನ್ಸಿಲ್ ಹಿಡಿದ. "ಹೆಸರು? ದನಿ ಕೆಟ್ಟರೆ ವಾಪಸ್ ತಂದಾಗ ಗುರುತಿಗೆ ಬೇಕು."

"ಜಲಜಾಕ್ಷಿ, ಹೊಸನಗರ." ಬಾಯಿ ತಪ್ಪಿ ಬಂದುಬಿಟ್ಟಿತು.

ಪೆನ್ಸಿಲ್ ನಿಂತಿತು. "ಪುಟ್ಟಣ್ಣನವರ ತಂಗಿ?"

"ಮೊದಲೇ ಗೊತ್ತಿತ್ತಾ? ಇಷ್ಟೊತ್ತು ಆಡಿದ್ದು ನಾಟಕವಾ?"

"ಗೊತ್ತಿದ್ರೆ ಈ ಹರಿದ ಅಂಗೀಲಿ ನಿಲ್ತಿದ್ನಾ ನಾನು?"

ನಗು ಬಂತು, ತುಟಿ ಕಚ್ಚಿದಳು. "ಭಾನುವಾರ ಅಣ್ಣನಿಗೆ ಎಂತ ಹೇಳ್ಲಿ?"

"ಅನುಮಾನ ಇದ್ರೆ ಬೇಡ ಅಂತ್ಲೇ ಹೇಳಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ." ಪೆನ್ಸಿಲ್ ಕೆಳಗಿಟ್ಟ. "ಸುಳ್ಳು. ಮಾಡ್ಕೊಳ್ತೀನಿ."

ಜಲಜಾಕ್ಷಿ ಅವನ ಪೀಪಿಗೆ ಕೈ ಚಾಚಿದಳು. ಅಭ್ಯಾಸದಂತೆ ಅವನು ಹೊಸ ಎಲೆ ಸುರುಳಿ ಮಾಡಿ ಕೊಡಹೋದ. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಹಲ್ಲಿನ ಗುರುತಿದ್ದಲ್ಲೇ ತುಟಿಯಿಟ್ಟು ಊದಿದಳು. ಉಸಿರೆಲ್ಲ ಗಂಧ.

"ಅಯ್ಯೋ ಅಮ್ಮ, ಎಂಜಲು!"

"ಗೊತ್ತು ಶೇಷಮ್ಮ."

ಹೇರಂಬನ ಬೆರಳುಗಳ ನಡುವೆ ಬಾಳೆಲೆ ಮೆಲ್ಲಗೆ ಬಿಚ್ಚಿಕೊಂಡಿತು. ಜಲಜಾಕ್ಷಿ ಪೀಪಿಯನ್ನು ಅವನ ಮುಂದಿಟ್ಟಳು.

"ಇನ್ನು ಇದನ್ನ ಬೇರೆ ಯಾರ ಕೈಗೂ ಕೊಡೋ ಹಾಗಿಲ್ಲ ನೀವು."