‘ಎತ್ತಬೇಡಿ’ ಎಂದವನು

“ಎತ್ತಬೇಡಿ! ಯಾರೂ ಆ ತೊಲೆ ಮುಟ್ಟಬೇಡಿ!”

ತೊಲೆಗೆ ಕೈ ಹಾಕಿದ್ದ ಎಂಟು ಜನ ಹಾಗೇ ನಿಂತರು. ಕಿನಾಂತಿ ತಿರುಗಿ ನೋಡಿದಳು.

ಹಾಗೆ ಕೂಗಿದ, ಮೈಯೆಲ್ಲ ಕೆಸರು ಮೆತ್ತಿಕೊಂಡಿದ್ದ ಡಾಕ್ಟರ್ ಬೇರೆ ಯಾರೂ ಅಲ್ಲ... ಗಿಲಾಂಗ್! ಎರಡು ತಿಂಗಳ ಹಿಂದೆ, ಹೆಣ್ಣು ಕೇಳಲು ಬರುತ್ತೇನೆಂದು ಹೇಳಿ ಬಾರದೇ ಹೋದವನು. ಅಂದು ಚಾಪೆ ಹಾಸಿ, ಅಡುಗೆ ಮಾಡಿ, ಸಂಜೆಯವರೆಗೆ ಕಾದಿದ್ದಳು ಹುಚ್ಚು ಹುಡುಗಿ.

ಜಾವಾದ ಆ ಗುಡ್ಡದೂರಿನಲ್ಲಿ, ಬೆಳಗಿನ ನಮಾಜಿಗೆ ಎದ್ದಿದ್ದ ಅಜ್ಜಿಯ ಕಾಲ ಮೇಲೆ ಮಣ್ಣಿನ ಜೊತೆ ಮನೆಯ ತೊಲೆಯೂ ಕುಸಿದಿತ್ತು. ಈಗ ಮಧ್ಯಾಹ್ನದ ಬಾಂಗೂ ಮುಗಿದಿತ್ತು. ಪಾಠ ಹೇಳುತ್ತಿದ್ದ ಪೇಟೆಯ ಶಾಲೆಯಿಂದ ಓಡಿ ಬಂದಿದ್ದ ಕಿನಾಂತಿಗೆ ತನ್ನವರೆಂದು ಇದ್ದದ್ದು ಆ ಅಜ್ಜಿ ಒಬ್ಬಳೇ.

“ಡಾಕ್ಟ್ರೇ, ತಲೆ ಕೆಟ್ಟಿದೆಯಾ ನಿಮಗೆ? ಒಳಗಿರೋದು ನಮ್ಮಜ್ಜಿ!”

ಜಾವಾದ ಹೆಣ್ಣುಮಕ್ಕಳು ಇನಿಯನನ್ನು ಕರೆಯುವ ಹಾಗೆ ‘ಮಾಸ್’ ಎಂದು ಪ್ರೀತಿಯಿಂದ ಕರೆಯುತ್ತಿದ್ದ ಬಾಯಲ್ಲಿ ‘ಡಾಕ್ಟ್ರೇ’! ಅವನಿಗದು ನಾಟಿತು.

“ಗೊತ್ತು ಕಿನಾಂತಿ. ಏಳು ತಾಸಿನಿಂದ ಕಾಲು ಜಜ್ಜಿ ಹೋಗಿದೆ. ಈಗಲೇ ಎತ್ತಿದ್ರೆ ಅಲ್ಲಿ ಸೇರಿರೋ ವಿಷ ಎದೆಗೆ ನುಗ್ಗುತ್ತೆ. ಮೊದ್ಲು ಎರಡು ಬಾಟ್ಲಿ ಸಲೈನ್ ಹೋಗ್ಬೇಕು.”

“ಅಷ್ಟರಲ್ಲಿ ಗುಡ್ಡ ಮತ್ತೆ ಜಾರಿದ್ರೆ?”

“ನಾನೂ ಅಲ್ಲೇ ಇರ್ತೀನಿ.” ಬಾಟಲಿಗಳನ್ನು ಎದೆಗವಚಿಕೊಂಡು ತೊಲೆಯ ಕೆಳಗಿನ ಸಂದಿಯೊಳಗೆ ತೆವಳಿಕೊಂಡು ಹೋಗಿಬಿಟ್ಟ.

ಇವನು ಕಟುಕನೋ, ದೇವರು ಕಳಿಸಿದವನೋ? ಕಿನಾಂತಿಗೆ ಒಂದೂ ತಿಳಿಯಲಿಲ್ಲ.

ಗುಡ್ಡ ಮತ್ತೆ ಜಾರೀತೇ ಎಂದು ಮೇಲೆ ಕಾಯುತ್ತಿದ್ದವನು ಶಿಳ್ಳೆ ಊದಿದ. ಎಲ್ಲರೂ ಓಡಿದರು. ಗಿಲಾಂಗ್ ಮಾತ್ರ ಹೊರಗೆ ಬರಲಿಲ್ಲ.

“ಗಿಲಾಂಗ್!” ಎಂದು ಕಿರುಚಿದಳು. ಬಾ ಎನ್ನಲೇ? ಬಂದರೆ ಅಜ್ಜಿಯ ಜೊತೆ ಯಾರು? ಬೇಡ ಎನ್ನಲೇ? ಛೇ... ಯಾರಿಗಾಗಿ ಅಳುತ್ತಿದ್ದೇನೆ ನಾನು?!

ಒಂದಿಷ್ಟು ಮಣ್ಣು ಪಕ್ಕಕ್ಕೆ ಸುರಿದು ನಿಂತಿತು. ಆಮೇಲೆ ಸಂದಿಯೊಳಗಿಂದ ಸಣ್ಣದೊಂದು ನಗು ಕೇಳಿಸಿತು. ಅಜ್ಜಿ ನಕ್ಕಳೇ?!

“ಬಾಟ್ಲಿ ಮುಗೀತು, ಈಗ ಎತ್ತಿ!” ಗಿಲಾಂಗ್ ಕೂಗಿದ. ಓಡಿದ್ದವರು ಮರಳಿ ಬಂದು ತೊಲೆ ಎತ್ತಿದರು.

ಸ್ಟ್ರೆಚರ್ ಮೇಲೆ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡಳು. ಮಾತು ತಡೆತಡೆದು ಬರುತ್ತಿತ್ತು.

“ನಿದ್ದೆ ಮಾಡ್ಬೇಡಿ, ಮಾತಾಡಿ ಅಂತ ಪ್ರಾಣ ತಿಂದ ಕಣೇ. ಸರಿ, ಅವತ್ತು ಯಾಕೋ ಬರ್ಲಿಲ್ಲ ಅಂದೆ. ಅವತ್ತೂ ಎಲ್ಲೋ ಗುಡ್ಡ ಜಾರಿತ್ತಂತೆ, ಮೊಬೈಲು ಮಣ್ಣುಪಾಲಂತೆ. ಮಾರನೇ ದಿನ ಬಂದವನು, ನೀನು ಅಳ್ತಾ ಚಾಪೆ ಮಡಿಸೋದು ನೋಡಿ ಬಾಗಿಲಿಂದಲೇ ವಾಪಸ್ ಹೋದನಂತೆ. ದಡ್ಡ!”

“ಅಜ್ಜಿ...”

“ಒಳಗೆ ಮಲಗಿಕೊಂಡೇ ಹೆಣ್ಣು ಕೇಳ್ದ. ಹಣ್ಣಿನ ತಟ್ಟೆಯಿಲ್ಲ, ಬಾಟಿಕ್ ಬಟ್ಟೆಯಿಲ್ಲ... ತಂದಿದ್ದು ಎರಡು ಬಾಟ್ಲಿ ಉಪ್ಪುನೀರು!”

“ನೀನೇನಂದೆ?”

“ಹೊರಗೆ ನಿಂತು ಬೈತಿದಾಳಲ್ಲ, ಅವಳನ್ನೇ ಕೇಳು ಅಂದೆ.”

ಗಿಲಾಂಗ್ ತಲೆ ತಗ್ಗಿಸಿ ನಿಂತಿದ್ದ.

“ಗುಡ್ಡಕ್ಕೆ ಹೆದರಿಲ್ಲ ಕಿನಾಂತಿ. ನಿನ್ನ ಮುಖ ನೋಡೋಕೆ ಹೆದರಿದ್ದೆ.”

“ಶಿಳ್ಳೆ ಊದಿದಾಗ ನಾನು ಕೂಗಿದ್ದು ಅಜ್ಜಿ ಹೆಸರಲ್ಲ...”

“ಕೇಳಿಸ್ತು.”

“ಡಾಕ್ಟ್ರೇ! ಮೇಲಿನ ಮನೇಲಿ ಇನ್ನೊಬ್ರು ಉಸಿರಾಡ್ತಿದಾರೆ!” ಯಾರೋ ಕೂಗಿದರು.

ಅವನು ಓಡಲಿಲ್ಲ. ಅವಳ ಕಣ್ಣು ನೋಡಿ ಕೇಳಿದ: “ಹೋಗಿ ಬರ್ಲಾ?”

ಕಿನಾಂತಿ ಕಣ್ಣೊರೆಸಿಕೊಂಡಳು.

“ಆಸ್ಪತ್ರೆ ವರಾಂಡದಲ್ಲೇ ಚಾಪೆ ಹಾಸಿರ್ತೀನಿ. ಹೋಗಿ ಬನ್ನಿ... ಮಾಸ್.”