ಮಣ್ಣಿನ ಮುಖದ ಮೇಲಿನ ಬಟ್ಟೆ

ನಾನು ದೆವ್ವ ನಂಬುವವನಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ. ಬಳ್ಳಾರಿಯ ಕಲಾ ಕಾಲೇಜಿನಲ್ಲಿ ರೂಪದರ್ಶಿಯಾಗಿ ಬಂದಿದ್ದ ಬಾದನಹಟ್ಟಿಯ ಯಂಕಮ್ಮನನ್ನು ಎದುರಿಗೆ ಕೂರಿಸಿಕೊಂಡು ಆಕೆಯ ತಲೆಯನ್ನು ಮಣ್ಣಿನಲ್ಲಿ ಮಾಡಿದೆ. ನಮ್ಮ ಶಿಲ್ಪಕಲೆಯ ತರಗತಿಯಲ್ಲೇ ಅಂಥದ್ದು ಇನ್ನೊಂದಿರಲಿಲ್ಲ. ಸಂಜೆ, ಮಣ್ಣು ಬಿರಿಯದಿರಲೆಂದು, ಎಲ್ಲರೂ ಮಾಡುವಂತೆ ಒದ್ದೆ ಬಟ್ಟೆ ಹೊದಿಸಿದೆ.

"ಮಾರಿ ಮ್ಯಾಲ ಬಟ್ಟಿ ಹಾಕಬ್ಯಾಡಪ್ಪ. ಸತ್ತೋರಿಗೆ ಹಂಗ ಹಾಕತಾರ," ಎಂದಳು ಯಂಕಮ್ಮ.

"ಮಣ್ಣಿಗೆಲ್ಲಿ ಉಸಿರು, ಯವ್ವಾ?" ಎಂದು ನಕ್ಕೆ.

ಬೆಳಿಗ್ಗೆ ಆಕೆಯ ಫೋನು ಬಂತು. "ರಾತ್ರಿಯೆಲ್ಲ ಉಸಿರು ಕಟ್ಟೈತಿ. ಮೊದ್ಲು ಆ ಬಟ್ಟಿ ತಗಿ!"

ಕಾಲೇಜಿಗೆ ಓಡಿದೆ. ಸೆಕೆಗೆ ಬಟ್ಟೆ ಹಪ್ಪಳದಂತೆ ಒಣಗಿತ್ತು. ಮೂಗಿನ ಕೆಳಗೆ ಮಾತ್ರ ಒದ್ದೆ, ಅದೂ ಬೆಚ್ಚಗೆ.

ಆ ತಲೆಯನ್ನು ಸುಟ್ಟು ಗಟ್ಟಿಮಾಡಿ ಕಾಲೇಜಿನಲ್ಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಯಂಕಮ್ಮ ಹೋದ ವರ್ಷ ತೀರಿಕೊಂಡಳು. ಮೂಗಿನೆದುರು ಗಾಜಿಗೆ ಹಿಡಿಯುವ ಮಂಜನ್ನು ನಾನು ಇಂದಿಗೂ ಪೆಟ್ಟಿಗೆ ತೆರೆದು ಒಳಗಿನಿಂದಲೇ ಒರೆಸುತ್ತೇನೆ.